ಘಟ್ಟದ ಮೇಲಿನವರು ಕಡಲಿಗಿಳಿದಾಗ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಜರ್ಮನಿಯಲ್ಲಿ ಇಂಜಿನಿಯರ್. ರಜೆಗೆಂದು ಹೆಂಡತಿ ಮಕ್ಕಳೊಡನೆ ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಹೋಗಿದ್ದವನು ಅಲ್ಲಿಂದ ಹಲವು ಚಿತ್ರಗಳನ್ನು ಕಳಿಸಿದ್ದ. ಮೆಡಿಟರೇನಿಯನ್ ಸಮುದ್ರದ ನೀಲಿ, ಬಿಳಿಯ ಮರಳು, ಎಲಫೊನಿಸಿ ಎಂಬ ಪುಟ್ಟ ನಡುಗಡ್ಡೆಗೆ ಮೊಣಕಾಲುದ್ದದ ನೀರಿನಲ್ಲಿ ನಡೆದೇ ಹೋಗುತ್ತಿರುವ ಅವನ ಮಕ್ಕಳು. ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: "ಸಾರ್, ನಮ್ಮ ಕಡೆ ಹೀಗೆ ದಡದ ಹತ್ತಿರವೇ ಇರುವ ದ್ವೀಪಗಳು ಇವೆಯೇ? ಊರಿಗೆ ಬಂದಾಗ ಮಕ್ಕಳಿಗೆ ತೋರಿಸಬೇಕು."

ಇವೆ. ಹಾಸನದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಡಲ ದಡ ಸೇರಬಹುದು. ಆದರೆ ಅವನಿಗೆ ಒಂದೇ ಸಾಲಿನಲ್ಲಿ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಅವನಂತೆಯೇ ಮಕ್ಕಳನ್ನು ಕರೆದುಕೊಂಡು ಕರಾವಳಿಗೆ ಹೋಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮೇಷ್ಟರಾಗಿ, ಮೇಡಂ ಆಗಿ, ಶಾಲಾ ಪ್ರವಾಸದ ಹೊಣೆ ಹೊತ್ತವರೂ ಇದ್ದೀರಿ. ಆದ್ದರಿಂದ ಇದು ಎಲ್ಲರಿಗೂ ಸೇರಿ ಬರೆದ ಉತ್ತರ.

ಕಟ್ಟಾಯ ಹೋಬಳಿಯ ನಮಗೆ ನೀರು ಅಪರಿಚಿತವಲ್ಲ. ನಮ್ಮಲ್ಲಿ ಕೆರೆಗಳಿವೆ, ನಾಲೆಗಳಿವೆ, ಪಕ್ಕದಲ್ಲೇ ಹೇಮಾವತಿಯಿದ್ದಾಳೆ. "ದ್ವೀಪವೆಂದರೇನು?" ಎಂದು ಕೇಳಿದರೆ "ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗ" ಎಂದು ಇಡೀ ತರಗತಿ ಒಂದೇ ಸ್ವರದಲ್ಲಿ ಹೇಳುತ್ತಿತ್ತು. ಹೇಳುವಾಗ ಮಕ್ಕಳ ಕಣ್ಣ ಮುಂದೆ ಬರುತ್ತಿದ್ದುದು ಕೆರೆಯ ನಡುವಿನ ಒಂದು ದಿಬ್ಬ, ಇಲ್ಲವೇ ಬೇಸಿಗೆಯ ಹೊಳೆಯಲ್ಲಿ ತಲೆ ಎತ್ತುವ ನಡುಗಡ್ಡೆ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ನೀರು ನಿಂತ ಮೇಲೆ, ಹಿಂದೆ ಗುಡ್ಡಗಳಾಗಿದ್ದವು ಕೆಲವು ದ್ವೀಪಗಳಾದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಅದರ ಬುಡದವರೆಗೂ ನಡೆದು ಹೋಗಬಹುದು. ಊರು ಬಿಟ್ಟವರಿಗೆ ಮಾತ್ರ ಅದು ನೋಟವಲ್ಲ, ನೆನಪು. ಹೀಗೆ ನೆಲ ನೀರಾಗುವುದನ್ನೂ ನೀರು ನೆಲವಾಗುವುದನ್ನೂ ನಾವು ಕಂಡವರೇ. ಆದರೂ ನಮ್ಮದು ಸಿಹಿನೀರಿನ ಅನುಭವ, ನಿಂತ ನೀರಿನ ಅನುಭವ. ಕಡಲ ನೀರಿನ ವ್ಯಾಕರಣವೇ ಬೇರೆ.

ವೃತ್ತಿಯಲ್ಲಿದ್ದಾಗ ಡಿಸೆಂಬರ್ ಬಂತೆಂದರೆ ಶೈಕ್ಷಣಿಕ ಪ್ರವಾಸ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರುಡೇಶ್ವರ... ದಾರಿ ಹೆಚ್ಚು ಬದಲಾಗುತ್ತಿರಲಿಲ್ಲ. ಕಡಲು ನಮಗೆ ಪ್ರತಿ ವರ್ಷವೂ ಸಿಗುತ್ತಿತ್ತು. ಆದರೆ ನಾನು ಅದನ್ನು ನೋಡಿದೆನೆಂದು ಹೇಳಲಾರೆ. ನಲವತ್ತೆಂಟು ಮಕ್ಕಳು ನೀರಿಗಿಳಿದರೆ ಮೇಷ್ಟರಾದವನು ನೋಡುವುದು ಅಲೆಗಳನ್ನಲ್ಲ, ತಲೆಗಳನ್ನು. ಎಣಿಸುವುದು, ಮತ್ತೆ ಎಣಿಸುವುದು. ಒಂದು ತಲೆ ಕಡಿಮೆಯಾದರೆ ಎದೆ ಝಲ್ಲೆನ್ನುವುದು, ಬೆನ್ನ ಹಿಂದೆ ಮರಳಿನಲ್ಲಿ ಕೂತು ಚಿಪ್ಪು ಆರಿಸುತ್ತಿರುವವನು ಕಣ್ಣಿಗೆ ಬಿದ್ದಾಗ ಉಸಿರು ಬಿಡುವುದು. ಹೀಗೆ ವರ್ಷ ವರ್ಷವೂ ಹೋದರೂ ಕಡಲು ನನಗೆ ಮಕ್ಕಳ ತಲೆಗಳ ಹಿಂದಿನ ಒಂದು ನೀಲಿ ಪರದೆಯಾಗಿಯೇ ಉಳಿಯಿತು.

ಎಣಿಸಬೇಕಾದ ತಲೆಗಳಿಲ್ಲದೆ ನಾನು ಕಡಲಿಗೆ ಹೋದದ್ದು 2025ರ ಫೆಬ್ರವರಿಯಲ್ಲಿ, ಮಾಘ ಹುಣ್ಣಿಮೆಯ ಆಸುಪಾಸಿನಲ್ಲಿ. ನಾನು ಮತ್ತು ನನ್ನಾಕೆ, ಇಬ್ಬರೇ. ನಾಲ್ಕು ದಿನ. ಸರ್ಕಾರಿ ಬಸ್ಸು, ಒಂದೊಂದು ಕೈಚೀಲ, ಅವಸರವಿಲ್ಲದ ಪಯಣ.

ಹಾಸನ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದಲ್ಲಿದೆ. ಮಂಗಳೂರಿಗೆ ಸುಮಾರು 170 ಕಿಲೋಮೀಟರ್. ಆ ಎತ್ತರದ ಬಹುಪಾಲನ್ನು ಶಿರಾಡಿ ಘಟ್ಟದ ಕೆಲವೇ ಮೈಲಿಗಳಲ್ಲಿ ಇಳಿದುಬಿಡುತ್ತೇವೆ. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟುವಾಗ ಒಂದು ವಿಷಯ ನೆನಪಾಗದಿರದು. ಅಲ್ಲಿಂದ ಪಶ್ಚಿಮದ ಕಡಲು ಅಷ್ಟು ಹತ್ತಿರವಿದ್ದರೂ ಆ ನೀರು ಅತ್ತ ತಿರುಗುವುದಿಲ್ಲ. ಪೂರ್ವಕ್ಕೆ ಹೊರಳಿ, ನಮ್ಮ ಗೊರೂರು, ಹೊಳೆನರಸೀಪುರಗಳನ್ನು ಹಾದು, ಕಾವೇರಿಯನ್ನು ಕೂಡಿ, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಬಿಸಿಲೆಯ ಸಮೀಪದ ಏಣಿನ ಮೇಲೆ ಬಿದ್ದ ಮಳೆ ಈ ಬದಿಗೆ ಸರಿದರೆ ಹೇಮಾವತಿ, ಆ ಬದಿಗೆ ಸರಿದರೆ ಕುಮಾರಧಾರಾ. ಒಂದು ಹನಿಗೆ ಒಂದು ಗೇಣಿನ ಅಂತರದಲ್ಲಿ ಎರಡು ಕಡಲುಗಳ ಹಣೆಬರಹ. ಕರಾವಳಿಯವರು ನಮ್ಮನ್ನು "ಘಟ್ಟದ ಮೇಲಿನವರು" ಎಂದು ಕರೆಯುತ್ತಾರೆ. ಆ ಹೆಸರಿನಲ್ಲಿ ತಿರಸ್ಕಾರವಿಲ್ಲ, ಭೂಗೋಳವಿದೆ.

ಮೊದಲನೆಯ ದ್ವೀಪ ಮಲ್ಪೆಯದು. ಮಲ್ಪೆಯೆಂದರೆ ನಮ್ಮವರಿಗೆ ವಡಭಾಂಡೇಶ್ವರ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಮುಟ್ಟಿಸಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕಿದ ಎಂಬುದು ಅಲ್ಲಿಯ ನಂಬಿಕೆ. ಕಡಲಿಗೆ ಅಂಜುವ ಊರಿನಲ್ಲಿ ದೇವರೂ ಅಪಾಯದಿಂದ ಪಾರಾಗಿಯೇ ಬಂದಿದ್ದಾನೆ!

ಬಂದರಿನಿಂದ ದೋಣಿ ಹತ್ತಿದರೆ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರಿಸ್ ದ್ವೀಪಗಳು. ಒಂದಲ್ಲ, ಮುಖ್ಯವಾದವು ನಾಲ್ಕು, ಉತ್ತರ ದಕ್ಷಿಣವಾಗಿ ಸಾಲಾಗಿವೆ. ಪ್ರವಾಸಿಗರು ಇಳಿಯುವುದು ತೆಂಗಿನಮರಗಳಿರುವ ದ್ವೀಪದಲ್ಲಿ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರಿನಷ್ಟು. ನಮ್ಮ ಕಡೆಯ ಒಂದು ದೊಡ್ಡ ತೋಟ ಇದಕ್ಕಿಂತ ಚಿಕ್ಕದಿರಲಾರದು. 1498ರಲ್ಲಿ ಈ ಕಡಲಿಗೆ ಬಂದ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಸಾಂತಾ ಮಾರಿಯಾ ಎಂದು ಹೆಸರಿಟ್ಟನೆಂಬುದು ಪ್ರಚಲಿತ ಕಥೆ. ಸ್ಥಳೀಯರ ಬಾಯಲ್ಲಿ ಇದರ ಹಳೆಯ ಹೆಸರು ತೋನ್ಸೆಪಾರ್. ಎದುರಿನ ದಡದ ತೋನ್ಸೆ ಎಂಬ ಊರೇ ಹೆಸರಿನಲ್ಲಿ ಕುಳಿತಿದೆ. ಹೊರಗಿನಿಂದ ಬಂದವನು ತನ್ನ ದೇವರ ಹೆಸರಿಟ್ಟ, ಅಲ್ಲಿಯೇ ಇದ್ದವರು ಎದುರು ದಡದ ಊರಿನ ಹೆಸರಿಟ್ಟರು. ಎರಡೂ ಉಳಿದಿವೆ.

ದ್ವೀಪದ ಕಲ್ಲುಗಳನ್ನು ಕಂಡಾಗ ನನ್ನಾಕೆ, "ಇದನ್ನು ಯಾರು ಕೆತ್ತಿದರು?" ಎಂದಳು. ಬೇಲೂರು ಹಳೇಬೀಡಿನ ಜಿಲ್ಲೆಯವರಿಗೆ ಬರಬೇಕಾದ ಸಹಜ ಪ್ರಶ್ನೆ. ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಅಂಟಿಕೊಂಡು, ಕೆಲವು ಆಳೆತ್ತರ, ಕೆಲವು ಅದಕ್ಕೂ ಎತ್ತರ, ಕೆಲವು ಕಡಲೊಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಂತೆ ನಿಂತಿವೆ. ಕೆತ್ತಿದವರು ಯಾರೂ ಇಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಎರೆಮಣ್ಣು ಬಿರುಕು ಬಿಡುವುದನ್ನು ನೀವೆಲ್ಲ ನೋಡಿದ್ದೀರಿ. ಒಣಗುತ್ತ ಮಣ್ಣು ಕುಗ್ಗುತ್ತದೆ, ಕುಗ್ಗಿದಾಗ ಹಲವು ಮೂಲೆಗಳ ಬಿಲ್ಲೆಗಳಾಗಿ ಒಡೆಯುತ್ತದೆ. ಇಲ್ಲಿ ಮಣ್ಣಿನ ಬದಲು ಭೂಗರ್ಭದಿಂದ ಉಕ್ಕಿದ ಶಿಲಾರಸ. ಅದು ನಿಧಾನವಾಗಿ ತಣಿಯುತ್ತ ಕುಗ್ಗಿತು, ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತ ಹೋಗಿ ಬಿಲ್ಲೆಗಳು ಕಂಬಗಳಾದವು. ಐರ್ಲೆಂಡಿನ ಉತ್ತರ ತೀರದ ಜೈಂಟ್ಸ್ ಕಾಸ್‌ವೇ ಎಂಬ ಪ್ರಸಿದ್ಧ ಸ್ಥಳದಲ್ಲೂ ಇದೇ ಬಗೆಯ ಕಂಬಗಳಿವೆ. ಅವು ಬಸಾಲ್ಟ್. ನಮ್ಮವನ್ನೂ ವಾಡಿಕೆಯಲ್ಲಿ ಬಸಾಲ್ಟ್ ಎನ್ನುತ್ತಾರಾದರೂ, ರಯೋಲೈಟ್ ಮತ್ತು ಡೇಸೈಟ್ ವರ್ಗದ ಶಿಲೆಗಳೆಂದು ಭೂವಿಜ್ಞಾನಿಗಳು ವಿಶ್ಲೇಷಿಸಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಅದೇ ಪಟ್ಟಿಯಲ್ಲಿದೆ.

ಈ ಕಲ್ಲುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಕಾಲದಲ್ಲಿ ನೆಲ ಸೀಳಿ ಉಕ್ಕಿದ ರಸ ಇದು. ಮಡಗಾಸ್ಕರಿನಲ್ಲಿಯೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಅಣ್ಣ ತಮ್ಮಂದಿರ ಪಾಲಾದ ಮೇಲೆ ಎರಡೂ ಮನೆಗಳಲ್ಲಿ ಉಳಿದ ಒಂದೇ ಜೋಡಿಯ ಪಾತ್ರೆಗಳ ಹಾಗೆ.

ಇಷ್ಟು ಕೇಳಿ ನನ್ನಾಕೆ "ಅಬ್ಬಾ, ಎಷ್ಟು ಹಳೆಯದು!" ಎಂದಳು. ನಾನು ಅಲ್ಲವೆಂದೆ. ಗೊರೂರಿನ ಸುತ್ತಿನ ಕೆಲವು ನೈಸ್ ಶಿಲೆಗಳ ವಯಸ್ಸನ್ನು ವಿಜ್ಞಾನಿಗಳು ಸುಮಾರು 330 ಕೋಟಿ ವರ್ಷವೆಂದು ಲೆಕ್ಕ ಹಾಕಿದ್ದಾರೆ. ನಾವು ರಾಗಿ ಒಕ್ಕುವ ಬಂಡೆ, ಬಟ್ಟೆ ಒಗೆಯುವ ಕಲ್ಲು ಆ ಕುಲದವು. ಮಲ್ಪೆಯ ಕಂಬಗಳು ಅವುಗಳ ಮುಂದೆ ಮರಿಮಕ್ಕಳು. ದೂರದ ಅದ್ಭುತವನ್ನು ನೋಡಲು ಹೋದವರಿಗೆ ಮನೆಯ ಹಿತ್ತಿಲಿನ ಕಲ್ಲಿನ ಬೆಲೆ ತಿಳಿಯುವುದೂ ಪ್ರವಾಸದ ಒಂದು ಲಾಭ. ದ್ವೀಪದಿಂದ ಚಿಪ್ಪನ್ನಾಗಲಿ ಕಲ್ಲಿನ ಚೂರನ್ನಾಗಲಿ ನಾವು ತರಲಿಲ್ಲ. ದಿನವೂ ಅಷ್ಟು ಜನ ಒಂದೊಂದು ಚೂರು ತಂದರೆ ಅಲ್ಲಿ ಉಳಿಯುವುದು ಹೆಸರು ಮಾತ್ರ.

ಅಂದು ಸಂಜೆ ಮಲ್ಪೆಯ ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಕಮಾನಿನಂತೆ ಬಿಟ್ಟು ಬಂದು, ಎರಡು ತುದಿಗಳ ಹಗ್ಗವನ್ನು ಎರಡು ತಂಡ ದಡದಿಂದ ಎಳೆಯುವ ಮೀನುಗಾರಿಕೆ ಅದು. ಹರೆಯದವರೂ ಮುದುಕರೂ ಒಂದೇ ಲಯದಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದರು. ಅವರಲ್ಲೊಬ್ಬರು ಬೆಳಿಗ್ಗೆಗಿಂತ ನೀರು ಎಷ್ಟು ಹಿಂದೆ ಸರಿದಿದೆಯೆಂದು ತೋರಿಸಿದರು. ಒದ್ದೆ ಮರಳಿನ ಅಗಲ ಹತ್ತಾರು ಹೆಜ್ಜೆ. "ಹುಣ್ಣಿಮೆ ಅಲ್ಲವಾ ಮಾರಾಯ್ರೆ, ಬರುವುದೂ ಜಾಸ್ತಿ, ಹೋಗುವುದೂ ಜಾಸ್ತಿ" ಎಂದರು. ಕ್ರೀಟಿನ ದಡದಲ್ಲಿ ಈ ಮಾತಿಗೆ ಅಷ್ಟು ಅರ್ಥವಿರದು. ಜಿಬ್ರಾಲ್ಟರಿನ ಕಿರುಬಾಗಿಲೊಂದನ್ನು ಬಿಟ್ಟರೆ ಮೆಡಿಟರೇನಿಯನ್ ಹೆಚ್ಚುಕಡಿಮೆ ಮುಚ್ಚಿದ ಕಡಲು, ಬಹುತೇಕ ಕಡೆ ಅದರ ಉಬ್ಬರ ಇಳಿತ ಗೇಣೆರಡು ಗೇಣಿನದು. ನಮ್ಮ ಕಡಲು ತೆರೆದದ್ದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮಲ್ಪೆಯ ಉಬ್ಬರ ಇಳಿತಗಳ ಅಂತರ ಒಂದು ಮೀಟರನ್ನು ಮೀರುತ್ತದೆ. ಬೆಳಿಗ್ಗೆ ಮೊಣಕಾಲುದ್ದವಿದ್ದ ಜಾಗ ಮಧ್ಯಾಹ್ನ ಸೊಂಟದ ಮೇಲಾಗಬಹುದು. ಚಿತ್ರ ಕಳಿಸಿದ ನನ್ನ ಶಿಷ್ಯನಿಗೆ ಹೇಳಬೇಕಾದ ಮೊದಲ ವ್ಯತ್ಯಾಸ ಇದೇ.

ಮರುದಿನ ಕೆಮ್ಮಣ್ಣು, ಕೋಡಿಬೆಂಗ್ರೆ. ಇಲ್ಲಿಯ ನಡುಗಡ್ಡೆಗಳು ಕಡಲಿನವಲ್ಲ, ಹೊಳೆಯವು. ನಾವು ನಡುಗಡ್ಡೆ ಎನ್ನುವುದನ್ನು ಇಲ್ಲಿ ಕುದ್ರು ಎನ್ನುತ್ತಾರೆ, ಹೊನ್ನಾವರದ ಕಡೆಗೆ ಹೋದರೆ ಅದೇ ಕುರ್ವೆಯಾಗುತ್ತದೆ. ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರುವಿಗೆ ಒಂದು ತೂಗುಸೇತುವೆಯಿದೆ. ಅದರ ಮೇಲೆ ನಡೆದಾಗ ಕಾಲಡಿಯ ಹಲಗೆ ಅಲುಗುತ್ತದೆ, ಕೆಳಗೆ ಸುವರ್ಣಾ ನದಿ. ಆಚೆ ಮನೆಗಳಿವೆ, ತೆಂಗಿವೆ, ಹಟ್ಟಿಯಲ್ಲಿ ದನಗಳಿವೆ. ಕೋಡಿಬೆಂಗ್ರೆಯಲ್ಲಿ ನೆಲ ಸಣ್ಣದಾಗುತ್ತ ಸಣ್ಣದಾಗುತ್ತ ಒಂದು ನಾಲಗೆಯಷ್ಟಾಗಿ, ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ತುದಿಯಲ್ಲಿ ಎರಡೂ ಒಂದಾಗುವ ಅಳಿವೆ. ನೋಡಲು ಅದು ಅತ್ಯಂತ ಸುಂದರ ಸ್ಥಳ. ನೀರಿಗಿಳಿಯಲು ಅತ್ಯಂತ ಕೆಟ್ಟ ಸ್ಥಳವೂ ಹೌದು. ಹೊಳೆಯ ಸೆಳೆತ, ಇಳಿತದ ಸೆಳೆತ ಎರಡೂ ಅಲ್ಲಿ ಕೂಡುತ್ತವೆ. ಹುಟ್ಟಿದಾರಭ್ಯ ಅಲ್ಲಿಯೇ ಇರುವವರು ಅಳಿವೆಯಲ್ಲಿ ಈಜುವುದಿಲ್ಲ. ಈಜಲು ಹೋಗುವವರು ಹೊರಗಿನಿಂದ ಬಂದವರು.

ಮೂರನೆಯ ದಿನ ಹೊನ್ನಾವರ. ಶರಾವತಿ ಕಡಲು ಸೇರುವ ಜಾಗದ ಹೊರಗೆ, ಸ್ವಲ್ಪ ವಾಯವ್ಯಕ್ಕೆ, ಬಸವರಾಜದುರ್ಗವೆಂಬ ದ್ವೀಪ. ಮಲ್ಪೆಯದು ಶಿಲಾರಸದ ಕಂಬಗಳಾದರೆ ಇದು ಚಿರೇಕಲ್ಲಿನ ಚಪ್ಪಟೆ ತಲೆಯ ಗುಡ್ಡ. ಉಡುಪಿಯ ಕಡೆ ಮುರಕಲ್ಲು ಎನ್ನುವ ಅದೇ ಕೆಂಪು ಕಲ್ಲು. ಕೆಳದಿಯ ಅರಸರ ಕಾಲದ ಕೋಟೆಗೋಡೆ ಸುತ್ತಲೂ ಇದೆ, ಜನವಸತಿ ಇಲ್ಲ. ಮಲೆನಾಡಿನ ಒಳಗೆ ಕುಳಿತು ಆಳಿದ ಅರಸರಿಗೂ ಕಡಲಿನ ಬಾಗಿಲು ಕಾಯಬೇಕೆಂಬ ಅರಿವಿತ್ತು. ಕಾಳುಮೆಣಸು ಹೊರಗೆ ಹೋಗುತ್ತಿದ್ದುದು, ಪೋರ್ಚುಗೀಸರು ಒಳಗೆ ಬರುತ್ತಿದ್ದುದು ಇಂಥ ಅಳಿವೆಗಳಿಂದಲೇ.

ಒಬ್ಬ ಮೀನುಗಾರರ ದೋಣಿಯಲ್ಲಿ ಹೊರಟೆವು. ದ್ವೀಪ ಹತ್ತಿರವಾದಂತೆ ಅವರು ಮಾತು ನಿಲ್ಲಿಸಿ ಬಂಡೆಗಳನ್ನೇ ದಿಟ್ಟಿಸತೊಡಗಿದರು. ನಮಗೆ ಕಡಲು ಶಾಂತವಾಗಿಯೇ ಕಾಣುತ್ತಿತ್ತು. ಅವರು ಮಾತ್ರ ತಲೆಯಾಡಿಸಿ, "ಇವತ್ತು ಹತ್ತಿಸೂದಿಲ್ಲ. ದೋಣಿ ಬಂಡೆಗೆ ತಾಗ್ತದೆ. ಸುತ್ತು ಹಾಕ್ವ" ಎಂದರು. ಹಣ ಕೊಟ್ಟಾಗಿತ್ತು, ನೂರು ಗಜದಲ್ಲಿ ಕೋಟೆಯ ಬಾಗಿಲಿತ್ತು. ಆದರೂ ಒಂದು ಮಾತು ಆಡದೆ ಒಪ್ಪಿದೆವು. ಸುತ್ತು ಹಾಕುವಾಗಲೇ ಕಂಡಿತು, ನಾವು ಶಾಂತವೆಂದುಕೊಂಡ ಕಡಲು ಬಂಡೆಯ ಬುಡದಲ್ಲಿ ಆಳುದ್ದ ಏರುತ್ತಿತ್ತು, ಇಳಿಯುತ್ತಿತ್ತು. ಆ ಕೋಟೆಯೊಳಗೆ ನಾನು ಕಾಲಿಟ್ಟಿಲ್ಲ. ಅದರ ಬಗ್ಗೆ ನನಗೆ ಕೊರಗೂ ಇಲ್ಲ.

ಕೊನೆಯ ದಿನ ಮುರುಡೇಶ್ವರ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಹಳೆಯ ನಕ್ಷೆಗಳಲ್ಲಿ ಅದಕ್ಕೆ ಪಾರಿವಾಳದ ದ್ವೀಪವೆಂಬ ಅರ್ಥದ ಇಂಗ್ಲಿಷ್ ಹೆಸರಿದೆ. ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರ ಪೂಜಾಸ್ಥಾನಗಳೂ ಇವೆ. ಕಡಲಿಗೆ ಹೋಗುವವನಿಗೆ ಯಾವ ದೇವರೂ ಬೇಡವಾಗುವುದಿಲ್ಲ. ನೌಕಾಪಡೆ ಆ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದೂ, ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುವುದೂ ಒಟ್ಟೊಟ್ಟಿಗೆ ನಡೆದ ಸಂಗತಿಗಳು. ಈಗ ಹವಳವನ್ನೂ ಮೀನುಗಳನ್ನೂ ನೋಡಲು ಯುವಕರು ಸ್ಕೂಬಾ ತೊಟ್ಟು ಅಲ್ಲಿ ಮುಳುಗುತ್ತಾರೆ. ನಾವು ಗೋಪುರದ ಮೇಲಿನಿಂದ ಅದನ್ನು ಒಂದು ಮಸುಕು ಗೆರೆಯಾಗಿ ಕಂಡು ತೃಪ್ತರಾದೆವು.

ಆದರೆ ಮುರುಡೇಶ್ವರದಲ್ಲಿ ನನ್ನ ಮನಸ್ಸು ದ್ವೀಪದ ಮೇಲಿರಲಿಲ್ಲ. ಎರಡು ತಿಂಗಳ ಹಿಂದೆ, 2024ರ ಡಿಸೆಂಬರ್ 10ರಂದು, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಇದೇ ದಡದಲ್ಲಿ ನೀರುಪಾಲಾದರು. ಕೋಲಾರದ ಮಕ್ಕಳು. ನಮ್ಮ ಮಕ್ಕಳಿಗಿಂತಲೂ ಕಡಲಿಗೆ ದೂರದ ಮಕ್ಕಳು. ಆ ಸುದ್ದಿ ಓದಿದ ರಾತ್ರಿ ನಾನು ನಿದ್ರೆ ಮಾಡಲಿಲ್ಲ. ನಲವತ್ತೆಂಟು ತಲೆಗಳನ್ನು ಮತ್ತೆ ಮತ್ತೆ ಎಣಿಸಿದೆ. ಯಾರನ್ನೋ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದ ಪ್ರತಿಯೊಬ್ಬ ಮೇಷ್ಟರ ಎದೆಯಲ್ಲೂ ಆ ನಾಲ್ಕು ಮಕ್ಕಳಿಗೆ ಒಂದು ಜಾಗವಿದೆ, ಅಷ್ಟೇ.

ಅಂದು ಆ ದಡದಲ್ಲಿ ಕುಳಿತಾಗ ನೆನಪಾದದ್ದು ತೊಂಬತ್ತರ ದಶಕದ ಒಂದು ಪ್ರವಾಸ. ಇದೇ ಊರು. ಮಕ್ಕಳನ್ನು ನೀರಿಗಿಳಿಸುವ ಮುನ್ನ ಬಲೆ ಹೆಣೆಯುತ್ತಿದ್ದ ಒಬ್ಬ ವೃದ್ಧರನ್ನು ನಾನು ಕೇಳುವುದಿತ್ತು: "ಯಜಮಾನರೇ, ಮಕ್ಕಳು ಎಲ್ಲಿ ಇಳಿಯಬಹುದು?" ಎದುರಿಗೆ ಎರಡು ಜಾಗಗಳಿದ್ದವು. ಒಂದು ಕಡೆ ಸಣ್ಣ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿದ್ದವು. ಪಕ್ಕದಲ್ಲೇ, ನಾಲ್ಕಾರು ಮಾರು ಅಗಲದಲ್ಲಿ, ಅಲೆಯೇ ಇಲ್ಲದ ಸಮತಟ್ಟಾದ ನೀರು. ನಮ್ಮ ಕೆರೆ ಕಟ್ಟೆಯ ಕಣ್ಣಿಗೆ ಎರಡನೆಯದೇ ಸುರಕ್ಷಿತ. ಅವರು ನೊರೆಯ ಕಡೆ ಬೆರಳು ತೋರಿಸಿದರು. "ಅಲ್ಲಿ ಮಾಸ್ತರ್ರೇ, ಮೊಣಕಾಲಿನವರೆಗೆ ಮಾತ್ರ. ಇಲ್ಲಿ ಬ್ಯಾಡ. ನೊರೆ ಇದ್ದಲ್ಲಿ ನೀರು ದಡಕ್ಕೆ ಬರ್ತದೆ. ನೊರೆ ಇಲ್ದಿದ್ದಲ್ಲಿ ವಾಪಸ್ ಹೋಗ್ತದೆ."

ಬಿ.ಎಡ್. ತರಗತಿಯಲ್ಲಾಗಲಿ ಪಠ್ಯಪುಸ್ತಕದಲ್ಲಾಗಲಿ ನಾನು ಕಾಣದ ಪಾಠ ಅದು. ಅಲೆಗಳು ದಡಕ್ಕೆ ನೂಕಿದ ನೀರು ಎಲ್ಲಿಂದಲಾದರೂ ಹಿಂದಿರುಗಲೇಬೇಕು. ಮರಳಿನ ದಿಣ್ಣೆಗಳ ನಡುವೆ ಆಳವಾದ ಒಂದು ಓಣಿಯನ್ನು ಅದು ಹುಡುಕಿಕೊಳ್ಳುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ತುಸು ಕಪ್ಪಾಗಿ ಇಲ್ಲವೇ ಕದಡಿದಂತೆ, ಸಮತಟ್ಟಾಗಿ ಕಾಣುತ್ತದೆ. ಆ ಓಣಿಯಲ್ಲಿ ನಿಂತವನ ಕಾಲಡಿಯ ಮರಳು ಜಾರುತ್ತದೆ, ನೀರು ಅವನನ್ನು ನೇರವಾಗಿ ಕಡಲಿನತ್ತ ಒಯ್ಯುತ್ತದೆ. ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರು ದಡದ ಕಡೆಗೆ ನೇರವಾಗಿ ಈಜಿ ಈಜಿ ಸೋಲುತ್ತಾರೆ. ಸೋತವನನ್ನು ಮುಳುಗಿಸುವುದು ದಣಿವು. ಓಣಿ ಹೆಚ್ಚು ಅಗಲವಿರುವುದಿಲ್ಲ. ಗಾಬರಿಪಡದೆ ತೇಲಿಕೊಂಡು, ಸೆಳೆತದೊಡನೆ ಜಗಳವಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಅದರಿಂದ ಹೊರಬರಬಹುದು. ಆಮೇಲೆ ನೊರೆಯಿರುವ ಕಡೆಯಿಂದ ಅಲೆಗಳೇ ದಡಕ್ಕೆ ತಳ್ಳುತ್ತವೆ.

ಡಿಸೆಂಬರಿನ ಆ ಘಟನೆಯ ಬಳಿಕ ಕಡಲ ಪ್ರವಾಸವೇ ಬೇಡವೆಂಬ ಮಾತನ್ನು ಪೋಷಕರ ಬಾಯಲ್ಲೂ ಮೇಷ್ಟರುಗಳ ಬಾಯಲ್ಲೂ ಕೇಳಿದ್ದೇನೆ. ನನ್ನಲ್ಲಿ ಓದಿ ಈಗ ಶಿಕ್ಷಕಿಯಾಗಿರುವ ಒಬ್ಬಳು ಫೋನು ಮಾಡಿ, "ಯಾಕೆ ಸಾರ್ ಈ ಅಪಾಯ? ಮೈಸೂರಿಗೆ ಹೋಗಿ ಬಂದುಬಿಡುತ್ತೇವೆ" ಎಂದಳು. ಅವಳ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಬೇರೆ. ಶಾಲೆ ಕರೆದೊಯ್ಯದ ಮಗು ಕಡಲನ್ನು ನೋಡದೆ ಉಳಿಯುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ, ಗೆಳೆಯರೊಡನೆ, ಮೋಟಾರು ಸೈಕಲಿನಲ್ಲಿ, ಎಣಿಸುವವರು ಯಾರೂ ಇಲ್ಲದೆ ಹೋಗುತ್ತದೆ. ಅಂದು ಅದರ ಜೊತೆಯಲ್ಲಿ ಇರಬೇಕಾದದ್ದು ಹದಿನಾಲ್ಕರಲ್ಲಿ ಕಲಿತ ಪಾಠ. ಕಡಲಿನಿಂದ ಮಕ್ಕಳನ್ನು ದೂರವಿಟ್ಟರೆ ನಮಗೆ ನೆಮ್ಮದಿ ಸಿಗಬಹುದು, ಅವರಿಗೆ ರಕ್ಷಣೆ ಸಿಗುವುದಿಲ್ಲ.

ಆದ್ದರಿಂದ ಶಿಕ್ಷಕರಾಗಿರುವ ನನ್ನ ಶಿಷ್ಯರಲ್ಲಿ ನನ್ನ ಕೋರಿಕೆ ಇಷ್ಟು. ಕರೆದುಕೊಂಡು ಹೋಗಿ. ಹೋಗುವ ಹಿಂದಿನ ದಿನ ಕಪ್ಪುಹಲಗೆಯ ಮೇಲೆ ದಡ ಬರೆದು, ಅಲೆ ಬರೆದು, ಆ ಓಣಿಯನ್ನೂ ಬರೆದು ತೋರಿಸಿ. ದಡದಲ್ಲಿ ಇಳಿದ ಕೂಡಲೇ ಜೀವರಕ್ಷಕರನ್ನು ಕೇಳಿ, ಅವರಿಲ್ಲದಿದ್ದರೆ ಮೀನುಗಾರರನ್ನು ಕೇಳಿ. ಇಬ್ಬರೂ ಇಲ್ಲದ ದಡದಲ್ಲಿ ಮಕ್ಕಳು ಮರಳಿನಲ್ಲೇ ಆಡಲಿ. ಹತ್ತು ಹತ್ತು ಮಂದಿ, ಮೊಣಕಾಲಿನವರೆಗೆ, ಕೈ ಕೈ ಹಿಡಿದು. ಉಳಿದವರು ದಡದಲ್ಲಿ. ಒಬ್ಬ ಮೇಷ್ಟರು ನೀರಿನಲ್ಲಿ ಮಕ್ಕಳಿಗಿಂತ ಕಡಲಿನ ಬದಿಗೆ, ಒಬ್ಬರು ದಡದಲ್ಲಿ. ಯಾರಾದರೂ ಸೆಳೆತಕ್ಕೆ ಸಿಕ್ಕರೆ ಬರಿಗೈಯಲ್ಲಿ ಹಿಂದೆ ಹಾರಬಾರದು, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು. ಒಂದು ಹಗ್ಗ, ನಾಲ್ಕು ಖಾಲಿ ಕ್ಯಾನು ಬಸ್ಸಿನಲ್ಲಿ ಹೆಚ್ಚು ಜಾಗ ಹಿಡಿಯುವುದಿಲ್ಲ. ಅಳಿವೆಯ ಹತ್ತಿರ ಯಾರೂ ಇಳಿಯಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ, ಮಳೆಗಾಲದಲ್ಲಿ ಸೇಂಟ್ ಮೇರಿಸಿಗೆ ದೋಣಿ ಬಿಡುವುದಿಲ್ಲ. ಕಡಲಿನಲ್ಲೇ ಬದುಕುವವರು ದೋಣಿ ಮೇಲೆಳೆದು ಕುಳಿತ ಕಾಲದಲ್ಲಿ ಪ್ರವಾಸಿಗೇನು ಕೆಲಸ?

ನಮ್ಮ ಜರ್ಮನಿಯ ಇಂಜಿನಿಯರಿಗೂ ಇದೇ ಉತ್ತರ. ನವೆಂಬರಿನಿಂದ ಫೆಬ್ರವರಿಯೊಳಗೆ ಬಾ. ಮಕ್ಕಳಿಗೆ ಮೊದಲು ಗೊರೂರಿನ ಬಂಡೆಯನ್ನು ಮುಟ್ಟಿಸು, ಆಮೇಲೆ ಮಲ್ಪೆಯ ಕಂಬಗಳನ್ನು ತೋರಿಸು. ಕುದ್ರುವಿನ ತೂಗುಸೇತುವೆಯ ಮೇಲೆ ನಡೆಸು. ದೋಣಿಯವನು ಇಂದು ಬೇಡವೆಂದರೆ ವಾದ ಮಾಡಬೇಡ.

ಇನ್ನೊಂದು ಮಾತು. ನಮ್ಮ ಕಡೆಯ ಪ್ರತಿ ಮನೆಯ ಗೋಡೆಯಲ್ಲೂ ಒಂದು ಪಂಚಾಂಗದ ಕ್ಯಾಲೆಂಡರ್ ತೂಗುತ್ತಿರುತ್ತದೆ. ಬಿತ್ತನೆಗೆ, ಮದುವೆಗೆ, ಏಕಾದಶಿಗೆ ಅದನ್ನು ನೋಡುತ್ತೇವೆ. ಕರಾವಳಿಯವರು ಅದರಲ್ಲೇ ಕಡಲನ್ನೂ ಓದುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಉಬ್ಬರ ಇಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಪ್ರತಿದಿನ ಉಬ್ಬರ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಪ್ರವಾಸಕ್ಕೆ ದಿನ ಗೊತ್ತು ಮಾಡುವಾಗ ರಾಹುಕಾಲ ನೋಡುವವರು ನೋಡಿಕೊಳ್ಳಲಿ, ಜೊತೆಗೆ ತಿಥಿಯನ್ನೂ ನೋಡಿ. ಈ ವರ್ಷ ಯಾರಾದರೂ ಶಾಲೆಯ ಮಕ್ಕಳನ್ನು ಕರೆದೊಯ್ಯುವುದಾದರೆ ಹಿಂದಿನ ದಿನದ ಆ ಕಪ್ಪುಹಲಗೆಯ ಪಾಠಕ್ಕೆ ನನ್ನನ್ನು ಕರೆಯಿರಿ. ಸೀಮೆಸುಣ್ಣ ನಿಮ್ಮದು, ಬರುವ ಬಸ್ಸಿನ ಖರ್ಚು ನನ್ನದು.